ಮಸಿ ಹಿಡಿಸಿದ ಕೈ

ಫ್ರೆಂಚ್ ಬ್ರಿಜ್ಜಿನ ಬಾಜೂಕ ನನ್ನ ಪೆಟ್ಟಿಗಿ.
ತಂತಿಗೆ ಪೋಣಿಸಿದ ಹಲ್ಲಿಲ್ಲದ ಕೀಲಿಕೈ,
ಒಂದು ಕಾನಸು, ಒಂದು ಮೇಣಬತ್ತಿ.
ಬೋರ್ಡಿನ ಮ್ಯಾಲ ಚಾವಿವಾಲಾ ಅಂತ ಐತಿ,
ಇರಸಂಗಪ್ಪ ಅನ್ನೂದು ಕೇಳಿದವರು ಕಡಿಮಿ.

ಕೇರ್ಸಿ ಸೇಠ ಕೇಳಿದ್ದ.
ಲ್ಯಾಮಿಂಗ್ಟನ್ ರೋಡಿನ್ಯಾಗ ರೇಡಿಯೊ ರಿಪೇರಿ ಅವನದು,
ಈಗ ರೇಡಿಯೊ ತರವರಿಲ್ಲ.
ಹಿಂದೊಮ್ಮೆ ಯಾವನೋ ಗಿರಾಕಿ
ರೊಕ್ಕದ ಬದಲಿ ಬಿಟ್‌ಕಾಯಿನ್ ಕೊಟ್ಟು ಹೋದನಂತ.
ಅದರ ಕೀಲಿಕೈ ಅಂದ್ರ ಬರೇ ಒಂದು ಉದ್ದನ್ನ ಅಂಕಿ,
ಕ್ಯಾಲೆಂಡರಿನ ಬೆನ್ನಿಗೆ ಬರದಿಟ್ಟಿದ್ದ.
ವರ್ಷ ಮುಗೀತು. ಕ್ಯಾಲೆಂಡರ್ ರದ್ದಿಗೆ ಹೋತು.
ಉಳದದ್ದು ವಿಳಾಸ ಅಷ್ಟ, ಮೂವತ್ನಾಕು ಅಕ್ಷರ.

ಅಂಗಡಿ ಒಳಗ ಇಸ್ತ್ರಿಯವನ ಮನಿಯಷ್ಟು ಧಗಿ.
ಆರು ಕಾರ್ಡು, ಹಗಲೂ ರಾತ್ರಿ.
ಸೆಕೆಂಡಿಗೆ ನಾಕು ಕೋಟಿ ಕೈ ಮಾಡಿ ನೋಡತೈತಿ, ಅಂದ.
ನಾ ದಿನಕ್ಕ ಹನ್ನೆರಡು ಮಾಡತೀನಿ,
ಮಳಿ ಬಂದ್ರ ಆರು.

ಮೊದಲಿನ ಅಂಕಿ ಎಲ್ಲಾರಿಗೂ ಒಂದ, ಅದನ್ನ ಬಿಡು.
ಮುಂದಿನ ಆರು ಅಕ್ಷರ ಚಾ ಆರೂದ್ರಾಗ ಕೂಡತಾವು.
ಏಳಕ್ಕ ಒಂದು ರಾತ್ರಿ. ಎಂಟಕ್ಕ
ಒಂದು ತಿಂಗಳು, ಮ್ಯಾಲ ಕರೆಂಟ್ ಬಿಲ್ಲು.
ಎಂಟು ಕೂಡಿದ ದಿನ ಓಡಿ ಬಂದ,
ಒಂದ ಕಾಲಾಗ ಚಪ್ಪಲಿ.
ಇನ್ನ ಇಪ್ಪತ್ತೈದ ಉಳದಾವ, ಇರಸಂಗಪ್ಪಾ!

ಕುಂದ್ರು ಅಂದೆ. ನನ್ನ ಕಸುಬು ತೋರಿಸಿದೆ.
ಖಾಲಿ ಕೈಗೆ ಮೇಣಬತ್ತಿ ಮಸಿ ಹಿಡಸಬೇಕು,
ಕೀಲಿಯೊಳಗ ಇಟ್ಟು ತುಸು ತಿರುವಬೇಕು,
ಹೊರಗ ತಗದ್ರ ಮಸಿಯೊಳಗ ಚುಕ್ಕಿ ಬಿದ್ದಿರತಾವು.
ಚುಕ್ಕಿ ಬಿದ್ದಲ್ಲಿ ಕಾನಸು. ಮತ್ತ ಮಸಿ. ಮತ್ತ ಒಳಗ.
ಕೀಲಿ ಮಾತಾಡತೈತಿ, ಸೇಠ.
ಇಲ್ಲಿ ಬ್ಯಾಡ, ಅಲ್ಲಿ ತಿಕ್ಕು ಅಂತೈತಿ.
ನಿಂದು ಏನರೆ ಅಂತೈತೇನು?

ಅಂವ ಬತ್ತಿ ನೋಡಿಕೋತ ಕುಂತ.

ಎಂಟು ಕೂಡಿದ್ದು ಬ್ಯಾರೆ ಯಾರದೋ ಮನಿ.
ಒಂಬತ್ತು ಕೂಡಿದ್ರೂ ಬ್ಯಾರೆಯವರದ.
ಖೇತವಾಡಿ ಅಂತಷ್ಟ ಬರದ ಪತ್ರ
ಗಲ್ಲಿ ನಂಬರಿಲ್ಲದ ಪೋಸ್ಟಮನ್ ಕೈಯಾಗ ಇದ್ದಂಗ...
ಅಲ್ಲ, ಅದೂ ಅಲ್ಲ.
ಖೇತವಾಡಿ ಮುಟ್ಟಿದ್ರ ಅರ್ಧ ದಾರಿ ಬಂದಂಗ.
ಇದರಾಗ ಅರ್ಧ ದಾರಿ ಅನ್ನೂದ ಇಲ್ಲ.

ಮಳಿ ಹಿಡದ ಮ್ಯಾಲ ಒಂದು ದಿನ
ಎರಡು ಕಾರ್ಡು ಮಾರಿದ್ನೆಂದ. ನಾಕು ಇನ್ನೂ ಓಡಾಕತ್ತಾವ.
ನನ್ನ ಕೈಯಾಗ ಒಂದು ಚೀಟಿ ಇಟ್ಟ.
ಎಂಟು ಕೂಡಿದ ಆ ವಿಳಾಸ, ಕೆಳಗ ಅದರದ ಕೈ.
ತಿರುವಿದ್ರ ತೆರೀತೈತಿ, ಒಳಗೇನೂ ಇಲ್ಲ,
ನೀನ ಇಟ್ಟುಕೊ, ಅಂದ.

ಪೆಟ್ಟಿಗಿ ತಳದಾಗ ಐತಿ, ಪ್ಲಾಸ್ಟಿಕ್ ಸುತ್ತಿ.
ಮುಂಬೈಯೊಳಗ ಇಪ್ಪತ್ತೆರಡು ವರ್ಷ, ಮೊದಲಸಲ
ಕೈ ಸಮೇತ ಒಂದು ಮನಿ.
ಬಾಡಿಗಿ ಇಲ್ಲ. ಪಗಡಿ ಇಲ್ಲ. ಬಾಗಿಲಾನೂ ಇಲ್ಲ.

ಸೂಟ್‌ಕೇಸ್ ಹಿಡದು ಒಬ್ಬಾಕಿ ಬಂದು ನಿಂತಾಳ, ತೊಯ್ಕೊಂಡು.
ಕಡ್ಡಿ ಗೀರತೀನಿ. ಗಾಳಿ ಆರಿಸತೈತಿ.
ಮತ್ತ ಗೀರತೀನಿ.