ಡ್ಯಾಶ್‌ಬೋರ್ಡಿನಲ್ಲಿ ಐದಕ್ಕೆ ಜಾಗ

ಸ್ಟೇರಿಂಗಿನ ಎಡಕ್ಕೆ, ಊದುಬತ್ತಿಯ ಬೂದಿ ಬೀಳುವಲ್ಲಿ,
ಒಂದು ತಗಡಿನ ಗೂಡು. ಐದು ಕ್ಯಾಸೆಟ್ಟಿಗೆ ಜಾಗ.
ಆರನೆಯದು ಇಟ್ಟರೆ ಪಡುಬಿದ್ರೆಯ ಹಂಪಿನಲ್ಲಿ
ಹಾರಿ ಬಂದು ಕ್ಲಚ್ಚಿನ ಮೇಲೆ ಕೂರುತ್ತದೆ.
ಹಾಗಾಗಿ ಐದು. ಇಪ್ಪತ್ತಾರು ವರ್ಷ,
ಸ್ಟೇಟ್‌ಬ್ಯಾಂಕಿನಿಂದ ಉಡುಪಿಗೆ, ಉಡುಪಿಯಿಂದ ಸ್ಟೇಟ್‌ಬ್ಯಾಂಕಿಗೆ.

ನನ್ನ ಸೀಟಿಗೆ ಬಂದ ಹುಡುಗ ಪ್ರಾಣೇಶ
ಹೆಬ್ಬೆರಳಿನಷ್ಟು ಪೆನ್‌ಡ್ರೈವ್ ತೋರಿಸಿ
"ಇದರಲ್ಲಿ ನಾಲ್ಕು ಸಾವಿರ ಉಂಟು ಅಣ್ಣ" ಎಂದ.
ಇರಲಿ ಮಾರಾಯ. ನಾಲ್ಕು ಸಾವಿರ ಇದ್ದವನಿಗೆ
ಯಾವುದನ್ನೂ ಕೆಳಗಿಡುವ ಕಷ್ಟವಿಲ್ಲ.

ನನಗಿತ್ತು.

ಆಟದ ಕ್ಯಾಸೆಟ್ಟು, ನಾಲ್ಕರಲ್ಲಿ ಮೂರನೆಯದು.
ಉಳಿದವನ್ನು ಯಾರೋ ಒಯ್ದರು, ತರಲಿಲ್ಲ.
ಹಾಕಿದೊಡನೆ ರಾಕ್ಷಸ ಅರ್ಧ ಸತ್ತಿರುತ್ತಾನೆ,
ಭಾಗವತರು ಏರುಪದದ ನಡುವೆ, ಚೆಂಡೆ ಕಾದ ಹಂಚು.
ಯಾಕೆ ಜಗಳ, ಯಾರ ಹೆಂಡತಿ, ನನಗೂ ಗೊತ್ತಿಲ್ಲ,
ಸುರತ್ಕಲ್ಲಿನಲ್ಲಿ ಹತ್ತುವ ಯಾರಿಗೂ ಗೊತ್ತಿಲ್ಲ.
ಮುಕ್ಕದಲ್ಲಿ ಅವನು ಏಳುತ್ತಾನೆ,
ಹಳೆಯಂಗಡಿಯಲ್ಲಿ ಬೀಳುತ್ತಾನೆ.
ಅಷ್ಟು ಸಾಕಿತ್ತು ನಮಗೆ.

ತುಳು ನಾಟಕದ್ದು ಎಷ್ಟು ಸಲ ತಿರುಗಿತೆಂದರೆ
ತಮಾಷೆಗೆ ಮೊದಲೇ ಬಸ್ಸು ನಗುತ್ತಿತ್ತು.
ಒಂದು ದಿನ ಬೋಳೂರಿನ ಸ್ಮಶಾನದಿಂದ ಬಂದವನೊಬ್ಬ,
ತಲೆ ಇನ್ನೂ ಒದ್ದೆ, ಎಲ್ಲರಿಗಿಂತ ಜೋರಾಗಿ ನಕ್ಕ.
ಆಮೇಲೆ ಬೈರಾಸು ಮುಖಕ್ಕೆ ಹಿಡಿದವನು ಕಾಪುವರೆಗೆ ತೆಗೆಯಲಿಲ್ಲ.
ಕಂಡಕ್ಟರ್ ಅದ್ರಾಮ ಟಿಕೆಟ್ ಹರಿದು ಅವನ ಕಿಸೆಗೆ ಸಿಕ್ಕಿಸಿದ,
ದುಡ್ಡು ಕೇಳಲಿಲ್ಲ. ನಾನು ವಾಲ್ಯೂಮ್ ಇಳಿಸಲಿಲ್ಲ.
ಇಳಿಸಿದ್ದರೆ ಎಲ್ಲರೂ ತಿರುಗಿ ನೋಡುತ್ತಿದ್ದರು.

ರೇಡಿಯೋದಿಂದ ಹಿಡಿದ ಹಿಂದಿ ಹಾಡುಗಳ ನಡುವೆ
ಒಂದು ಹೆಣ್ಣು ದನಿ: "ಈಗ ಸಮಯ ಎಂಟು ಗಂಟೆ."
ಬೆಳಗಿನ ಆರೂವರೆಗೂ ಎಂಟು, ಮಧ್ಯಾಹ್ನದ ಸೆಕೆಗೂ ಎಂಟು.
ಕಾಲೇಜಿಗೆ ಹೋಗುವ ಒಬ್ಬಳು ಪ್ರತಿ ಸಲ ಬೆಚ್ಚಿ
ಕೈಗಡಿಯಾರ ನೋಡಿಕೊಳ್ಳುತ್ತಿದ್ದಳು.
ಎಷ್ಟೋ ವರ್ಷದ ಮೇಲೆ ಅವಳ ಮಗಳೂ.

ನಾಲ್ಕನೆಯದಕ್ಕೆ ಜಗಳವಾಗಿದೆ.
ಧಣಿಗೆ ಭಕ್ತಿಗೀತೆ, ಅದ್ರಾಮನಿಗೆ ದಫ್ಫು,
ಕಟಪಾಡಿಯಲ್ಲಿ ಇಳಿಯುವ ನರ್ಸ್ ಹಿಲ್ಡಾಬಾಯಿಗೆ
ರಾತ್ರಿ ಪಾಳಿ ಮುಗಿದ ಕಣ್ಣಿಗೆ ಏನೂ ಬೇಡ.
ಕೊನೆಗೆ ಅವರೇ ಚೀಲದಿಂದ ಒಂದು ತೆಗೆದರು:
ಇಗರ್ಜಿಯ ಕೊಂಕಣಿ ಗಾಯನ. ಹಿಂದಿನ ಸಾಲಿನಲ್ಲಿ ಅವರ ತಾಯಿ,
ತುಸು ಶ್ರುತಿ ತಪ್ಪಿ, ಎಲ್ಲರಿಗಿಂತ ಅರ್ಧ ಕ್ಷಣ ತಡ.
"ಆ ತಡ ಕೇಳಿದರೆ ನಿದ್ದೆ ಬರುತ್ತದೆ" ಎಂದರು.
ನಿದ್ದೆಯಲ್ಲೇ ಅವರನ್ನು ಉದ್ಯಾವರ ದಾಟಿಸಿದ್ದೂ ಉಂಟು.

ದಫ್ಫಿನ ಕ್ಯಾಸೆಟ್ಟು ಹಾಗೆ ಕೆಳಗಿಳಿಯಿತು.
ಅದ್ರಾಮ ಒಂದು ಮಾತೂ ಆಡಲಿಲ್ಲ.
ಟಿಕೆಟ್ಟಿನ ಚರ್ಮದ ಚೀಲದ ಮೇಲೆ
ಬೆರಳಿನಲ್ಲೇ ಬಾರಿಸಿಕೊಂಡ, ಹನ್ನೊಂದು ವರ್ಷ.
ಅವನು ತೀರಿಕೊಂಡ ಮೇಲೆ ಅದನ್ನು ಹುಡುಕಿದೆ.
ಟೇಪಿಗೆ ಬೂಸು ಹಿಡಿದಿತ್ತು.
ಐದರ ಲೆಕ್ಕ ನನ್ನದೇ,
ಯಾರ ಮೇಲೆ ಹಾಕಲಿ.

ಎ ಸೈಡ್ ಮುಗಿಯುವುದು ಮೂಲ್ಕಿ ಸೇತುವೆಯ ಮೇಲೆ.
ತಿರುಗಿಸಲು ಕೈ ಬೇಕು, ಕೈ ಗೇರಿನಲ್ಲಿದೆ.
ಅಷ್ಟು ಹೊತ್ತು ಬರೀ ಟಯರಿನ ಸದ್ದು, ಶಾಂಭವಿಯ ಗಾಳಿ,
ಕೆಳಗೆ ದೋಣಿ ಇದ್ದರೂ ಇತ್ತು.

ಸ್ಯಾಕ್ಸೊಫೋನಿನದು ಯಾರದೋ ಮದುವೆಯಲ್ಲಿ ಹಿಡಿದದ್ದು,
ಊದಿದವನ ಹೆಸರಿಲ್ಲ. ಬಿ ಸೈಡಿನ ಏಳನೇ ನಿಮಿಷಕ್ಕೆ
ಒಬ್ಬ ಕೂಗುತ್ತಾನೆ: "ಸಾರಿನವರು ಎಲ್ಲಿ?"
ರಾಗ ಒಮ್ಮೆ ನಿಂತು, ನಕ್ಕು, ಮುಂದೆ ಹೋಗುತ್ತದೆ.

ನಿನ್ನೆ ಕೀ ಒಪ್ಪಿಸಿ ಐದನ್ನೂ ಮನೆಗೆ ತಂದೆ.
ಜಲಜಾಕ್ಷಿ ಹಳೆಯ ಟೇಪ್‌ರೆಕಾರ್ಡರಿನ ಧೂಳು ಒರೆಸಿಕೊಟ್ಟಳು.
ಅಲುಗದ ಕುರ್ಚಿಯಲ್ಲಿ ಹಾಡು ಬೇರೆಯೇ ಕೇಳಿಸುತ್ತದೆ,
ಉದ್ದಕ್ಕೆ, ತಿರುವೇ ಇಲ್ಲದ ಹಾಗೆ.
"ಸಾರಿನವರು ಎಲ್ಲಿ?" ಬಂತು. ಅದು ಪಡುಬಿದ್ರೆ.
ಬಲಗಾಲು ತಾನಾಗಿ ನೆಲ ಒತ್ತಿತು.

ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು.
"ಯಾರು," ಎಂದಳು, "ಇಳಿಯುವವರು?"