ಏಳು ಸೆಕೆಂಡು

ಮೊದಲ ಪಾಠ ಓಡಿಸುವುದಲ್ಲ, ಎತ್ತುವುದು.
ಕುಶಿರೊ ಊರಾಚೆಯ ಕಲಿಕೆಯ ಅಂಗಳದಲ್ಲಿ
ಇನ್ನೂರು ಕಿಲೋ ಬೈಕನ್ನು ಬೇಕೆಂತಲೇ ಮಲಗಿಸಿ
ಕುರಾಮಿತ್ಸು ಮೇಷ್ಟ್ರು ಕೈಕಟ್ಟಿ ನಿಂತರು:
'ಇದು ಬೀಳುತ್ತದೆ. ನೀವು ಎತ್ತುತ್ತೀರಿ.
ಆಮೇಲೆ ಬೀಗದ ಕೈಯ ಮಾತು.'

ಐವತ್ತಾರು ನನಗೆ. ಸೊಂಟಕ್ಕೆ ಅದರದೇ ಅಭಿಪ್ರಾಯಗಳಿವೆ.
ತೋಳಿನಿಂದಲ್ಲ, ತೊಡೆಯಿಂದ; ಎದೆ ತಾಗಿಸಿ, ಉಸಿರು ಬಿಟ್ಟು,
ಹಾಸಿಗೆ ಹಿಡಿದವರ ಮಗ್ಗುಲು ಬದಲಿಸುವ ಹಾಗೆ.
ಅದೊಂದು ಗೊತ್ತಿತ್ತು. ಎದ್ದಿತು.

ಇಪ್ಪತ್ತೆಂಟು ವರ್ಷ ತುರ್ತು ವಾರ್ಡಿನಲ್ಲಿ ದಾದಿ ನಾನು.
ಕತ್ತರಿ ಬಲ ಜೇಬಿನಲ್ಲೇ ಇರುತ್ತಿತ್ತು.
ಚರ್ಮದ ಜಾಕೆಟ್ಟು ಕತ್ತರಿಸುವ ಸದ್ದು ಬೇರೆ,
ಜೀನ್ಸಿನದು ಬೇರೆ,
ಅವುಗಳ ಕೆಳಗಿನ ಮೈಯೂ ಬೇರೆ.
ಅಕ್ಕಿಯಿಂದ ಕಲ್ಲು ಆರಿಸಿದಂತೆ
ಹುಡುಗರ ಮಂಡಿಯಿಂದ ಜಲ್ಲಿ ಆರಿಸಿದ್ದೇನೆ
ಬೆಳಕು ಹರಿಯುವ ತನಕ.
ಹೆಲ್ಮೆಟ್ಟು ತೆಗೆಯಲು ಇಬ್ಬರು ಬೇಕು.
ನಾನು ಯಾವಾಗಲೂ ಕತ್ತು ಹಿಡಿಯುವವಳು.

ಮಂಚದ ಮೇಲಿನವನು ಹೇಳುತ್ತಿದ್ದ: ಕಾರು ಕಾಣಲೇ ಇಲ್ಲ.
ಹೊರಗೆ ಬೆಂಚಿನಲ್ಲಿ ಕಾರಿನವನು, ಟೋಪಿ ಹಿಂಡುತ್ತ:
ಬೈಕು ಕಾಣಲೇ ಇಲ್ಲ.
ನಡುವೆ ಒಂದು ಬಾಗಿಲು.
ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ,
ನನಗೆ ಹೆದರಿಕೆಯಾಗುತ್ತಿದ್ದುದೇ ಅದಕ್ಕೆ.

'ಇಷ್ಟೆಲ್ಲ ಕಂಡೂ?' ಎಂದಳು ತಂಗಿ ಸುಮಿಯೆ.
ಏನು ಹೇಳಲಿ. ಆಸೆಗೆ
ವಾರ್ಡಿನ ದಾಖಲೆ ಓದಲು ಬರುವುದಿಲ್ಲ.

ಅಂಗಳದ ನಡುವೆ ಒಂಟಿ ಹಲಗೆಯ ಸೇತುವೆ:
ಅಗಲ ಒಂದಡಿ, ನೆಲದಿಂದ ಮೂರು ಬೆರಳೆತ್ತರ,
ಉದ್ದ ಹದಿನೈದು ಮೀಟರು.
ಬೇಗ ದಾಟಿದರೆ ಸಲೀಸು.
ಬೇಗ ದಾಟುವ ಹಾಗಿಲ್ಲ.
ಏಳು ಸೆಕೆಂಡಾದರೂ ಅದರ ಮೇಲಿರಬೇಕು.

ಹದಾನೊ ಎಂಬ ಹತ್ತೊಂಬತ್ತರ ಹುಡುಗ
ನಾಲ್ಕೇ ಸೆಕೆಂಡಿಗೆ ದಾಟಿ ಹಲ್ಲುಕಿರಿದ.
ಮೇಷ್ಟ್ರು ಗಡಿಯಾರ ನೋಡಿ ಹೇಳಿದರು:
'ಚೆನ್ನಾಗಿ ಹೋದೆ. ಹೋಗುವುದು
ಇಳಿಜಾರಿನಲ್ಲಿ ಬಿಟ್ಟ ಡಬ್ಬಕ್ಕೂ ಬರುತ್ತದೆ.'

ಕ್ಲಚ್ಚು ಅರ್ಧ, ಹಿಂದಿನ ಬ್ರೇಕು ಕಾಲು,
ಕಾಲು ಎಂದರೆ ಪಾದವೂ ಹೌದು, ಅಳತೆಯೂ ಹೌದು.
ಹನ್ನೊಂದು ಸಲ ಹಲಗೆ ಬಿಟ್ಟು ಇಳಿದೆ,
ಹನ್ನೊಂದು ಸಲವೂ ಮುಂದಿನ ಚಕ್ರವನ್ನೇ ನೋಡುತ್ತ.
'ಕಣ್ಣು ಹೋದಲ್ಲಿಗೆ ಗಾಡಿ.
ಹೊಂಡ ನೋಡಿದರೆ ಹೊಂಡಕ್ಕೆ. ದೂರ ನೋಡಿ.'
ದೂರದಲ್ಲಿ ಬೇಲಿಯ ಮೇಲೊಂದು ಕಾಗೆ ಕೂತಿತ್ತು.
ಅದನ್ನೇ ನೋಡಿದೆ.
ಏಳೂ ಮುಕ್ಕಾಲು.

ಜೂನ್ ತಿಂಗಳ ಮಂಜು, ಅಕ್ಕೇಶಿಯ ದಾರಿ.
ವೇಗ ನಲವತ್ತು. ಮೈಮೇಲೆ ನಾಚಿಕೆಗೇಡಿ ಹಳದಿ ಅಂಗಿ,
ಕಾಣಲಿ ಎಂದು. ಆದರೂ ತಿರುವು ತಿರುವಿಗೆ
ಯಾರಿಗೂ ಕಾಣುತ್ತಿಲ್ಲ ನಾನು ಎಂದುಕೊಂಡೇ ಹೋದೆ.
ಹಲಗೆ ಅಗಲವಾಗಿತ್ತು, ಅಷ್ಟೇ.

ಜಿಂಕೆ ಮಂಜಿನೊಳಗಿಂದ ಬರಲಿಲ್ಲ,
ಮಂಜೇ ಒಂದು ಕಡೆ ಗಟ್ಟಿಯಾಗಿ ಜಿಂಕೆಯಾಯಿತು.
ಕನ್ನಡಿಯಲ್ಲಿ ಲಾರಿಯ ದೀಪ.
ಬ್ರೇಕಿನ ದೀಪ ಎರಡು ಸಲ ಮಿನುಗಿಸಿ
ನಿಂತೆ. ಲಾರಿಯೂ ನಿಂತಿತು, ಗೊಣಗುತ್ತ.
ಜಿಂಕೆ ದಾಟಿತು. ನಾನು ಹೊರಡಲಿಲ್ಲ:
ಒಂದಿದ್ದಲ್ಲಿ ಇನ್ನೊಂದಿರುತ್ತದೆ ಎಂದಿದ್ದರು ಮೇಷ್ಟ್ರು.
ಎರಡನೆಯದು ಬಂತು.
ಆಮೇಲೆ, ತೀರಾ ತಡವಾಗಿ, ಮರಿ.

ಇದನ್ನು ಸುಮಿಯೆಗೆ ಹೇಗೆ ವರ್ಣಿಸಲಿ ಎಂದು
ಮಾತು ಜೋಡಿಸುತ್ತ ಪೆಟ್ರೋಲು ಬಂಕಿಗೆ ಬಂದು
ನಿಲ್ಲಿಸಿ, ಕಾಲು ಕೊಟ್ಟಲ್ಲಿ ಜಲ್ಲಿ.
ಸೊನ್ನೆ ವೇಗದಲ್ಲಿ ಬಿದ್ದೆ,
ದೊಡ್ಡ ಎಮ್ಮೆ ಮಲಗಿದಂತೆ, ಸಾವಕಾಶ.
ಬಂಕಿನ ಹುಡುಗ ಓಡಿ ಬಂದ.
'ಇರಪ್ಪಾ' ಎಂದೆ. 'ಇದು ಮೊದಲ ಪಾಠ.'

ಕೈಗವಸಿನ ಅಂಗೈ ತರಚಿದೆ. ಅಂಗೈ ತರಚಿಲ್ಲ.
ಬ್ರೇಕಿನ ಹಿಡಿಯ ತುದಿ ತುಸು ಬಾಗಿದೆ,
ಬೆರಳಿಗೆ ದಿನವೂ ಸಿಗುತ್ತದೆ.
ರಿಪೇರಿಗೆ ಕೊಟ್ಟಿಲ್ಲ.