ಮಡಿಕೆಗೆ ಮೂರಿಂಚು

ಕತ್ತರಿಸುವ ಮೇಜಿನ ಮೇಲೆ ಇವತ್ತು ಬಟ್ಟೆಯಿಲ್ಲ.
ಎರಡು ಊರುಗಳಿವೆ.
ಎಡಕ್ಕೆ ಅಮ್ಮಾನ್, ಬಲಕ್ಕೆ ಆದಿಸ್ ಅಬಾಬಾ.
ಹಾರಿಹೋಗದಂತೆ ಒಂದರ ಮೇಲೆ ಕತ್ತರಿ,
ಇನ್ನೊಂದರ ಮೇಲೆ ಮಸ್ತಾನಣ್ಣನ ಗುಂಡಿಡಬ್ಬಿ.
ಕೌಲ್ ಬಜಾರಿನ ಫ್ಯಾನು ಬಿಸಿಗಾಳಿಯನ್ನೇ ಕಡೆದು
ಬಿಸಿಗಾಳಿಯನ್ನೇ ಬಡಿಸುತ್ತಿದೆ.

ಕರೆದಿರುವುದು ನನ್ನನ್ನು.
ಹದಿನಾರು ವರ್ಷ ಜೀನ್ಸಿನ ಮಾದರಿ ಕತ್ತರಿಸಿದ ಕೈ ಬೇಕಂತೆ,
ಅಲ್ಲಿಯ ಹುಡುಗಿಯರಿಗೆ ಕಲಿಸಬೇಕಂತೆ.
'ಹಂಗಾರೆ ನಾನೇನು ಮಾಡ್ಲಿ ಅಲ್ಲಿ?' ಎಂದರು ಇವರು,
ವಾಷಿಂಗ್ ಘಟಕದಿಂದ ಬಂದು
ಮೂರು ಸಲ ತೊಳೆದರೂ ಉಗುರು ನೀಲಿ.
'ಇಂದ್ರಿನ ಸ್ಕೂಲಿಗೆ ಬಿಡ್ರಿ, ಕರಕೊಂಡು ಬರ್ರಿ.
ಐದು ವರ್ಷ ನಾನು ಮಾಡ್ಲಿಲ್ಲೇನು?'
ನಕ್ಕರು. ಸ್ವಲ್ಪ ತಡವಾಗಿ.

ಅಮ್ಮಾನಿನಲ್ಲಿ ಸಂಬಳ ಹೆಚ್ಚು.
ಗುಡ್ಡದ ಮೇಲೆ ಗುಡ್ಡ, ಕಲ್ಲಿನ ಮನೆ; ಫೋಟೋ ನೋಡಿದ ಅತ್ತೆ
'ನಮ್ಮ ಬಳ್ಳಾರಿ ಗುಡ್ಡಕ್ಕೆ ಸುಣ್ಣ ಹೊಡೆದಂಗೈತೆ' ಎಂದು
ಅಲ್ಲೇ ಒಪ್ಪಿಗೆ ಒತ್ತಿಬಿಟ್ಟರು.
ಶಾಲೆಗೆ ಈಜುಕೊಳ, ಬಸ್ಸಿಗೆ ಎಸಿ,
ಫೀಸಿನ ಪಟ್ಟಿ ಮಾತ್ರ ಎರಡು ಪುಟ, ಕೊನೆಯ ಸಾಲು
ಕಾಣದಷ್ಟು ಸಣ್ಣ ಅಕ್ಷರದಲ್ಲಿ. ಒಳಹೊಲಿಗೆ ಯಾವಾಗಲೂ
ಕಣ್ಣಿಗೆ ಬೀಳದಲ್ಲೇ ಇರುತ್ತದೆ.

ಆದಿಸ್ ಎತ್ತರದ ಊರು. ಮೇ ತಿಂಗಳ ಸಂಜೆಗೂ ಸ್ವೆಟರು.
ಅಲ್ಲಿ ಗಡಿಯಾರ ಸೂರ್ಯ ಹುಟ್ಟಿದ ಮೇಲೇ ಶುರು;
ನಾವು ಏಳಕ್ಕೆ ಎದ್ದರೆ ಅವರ ಲೆಕ್ಕದಲ್ಲಿ ಒಂದು.
ಕ್ಯಾಲೆಂಡರು ಏಳೆಂಟು ವರ್ಷ ಹಿಂದೆ,
ವರ್ಷಕ್ಕೆ ತಿಂಗಳು ಹದಿಮೂರು, ಕೊನೆಯದು ಐದೇ ದಿನದ್ದು.
'ಹಂಗಾರೆ ನಾನಿನ್ನೂ ಎರಡು ವರ್ಷದ ಕೂಸು!' ಇಂದ್ರಿ ಕುಣಿದಳು.
'ನನ್ನ ತಲೆಗೂದಲು ವಾಪಸ್ ಬರ್ತಾವೇನು?' ಇವರು.
'ಆ ಐದು ದಿನಕ್ಕೆ ಸಂಬಳ ಕೊಡ್ತಾರಾ, ಕೇಳ್ಕೊ ಮೊದಲು'
ಮಸ್ತಾನಣ್ಣ, ಕಾಜಾ ಯಂತ್ರದಿಂದ ತಲೆಯೆತ್ತದೆ.

ರಾತ್ರಿ ಅರ್ಜಿ ತುಂಬಲು ಕೂತೆ.
ಅಮ್ಮಾನಿನದರಲ್ಲಿ ಮಾತೃಭಾಷೆಗೆ ಒಂದು ಚೌಕ,
ಹೆಬ್ಬೆರಳಿನ ಉಗುರಿನಷ್ಟು.
ಮನೆಯಲ್ಲಿ ಅಜ್ಜಿಯ ಮರಾಠಿ, ಅದರಲ್ಲಿ ಅರ್ಧ ಕನ್ನಡ;
ಶಾಲೆಯಲ್ಲಿ ಕನ್ನಡ; ಓಣಿಯ ಕುಂಟೆಬಿಲ್ಲೆ ತೆಲುಗಿನಲ್ಲಿ;
ಗುಂಡಿ ಕೇಳುವುದು ಉರ್ದುವಿನಲ್ಲಿ; ಜಗಳ
ಬಾಯಿಗೆ ಸಿಕ್ಕಿದ್ದರಲ್ಲಿ.
ಆ ಚೌಕದಲ್ಲಿ ಪೆನ್ನು ಊರಿ ಎಷ್ಟು ಹೊತ್ತು ಕೂತೆನೋ,
ಶಾಯಿ ಚುಕ್ಕೆಯಾಗಿ ಹರಡಿತು.

ಆದಿಸ್ಸಿನದು ಅರ್ಧ ಪುಟ ಖಾಲಿ ಬಿಟ್ಟಿತ್ತು:
ಮಗುವೇ ಬರೆಯಲಿ, ಯಾವ ಭಾಷೆಯಲ್ಲಾದರೂ.
ಬೆಳಿಗ್ಗೆ ನೋಡಿದರೆ ಇಂದ್ರಿ ಬರೆದಿದ್ದಾಳೆ, ಸೀಸದಕಡ್ಡಿಯಲ್ಲಿ:

'ನನ್ನ ಹೆಸರು ಇಂದ್ರಾಯಣಿ ಮಹೇಂದ್ರಕರ್.
ಅದು ಒಂದು ಹೊಳೆಯ ಹೆಸರು. ನಾನು ಅದನ್ನು ನೋಡಿಲ್ಲ.
ನನಗೆ ಹನ್ನೆರಡರ ಮಗ್ಗಿ ಬರುತ್ತದೆ.
ಹದಿಮೂರರದು ಬರುವುದಿಲ್ಲ.
ನಿಮ್ಮ ತಿಂಗಳುಗಳಿಗೆ ಅದು ಬೇಕಾಗುತ್ತದಾ?
ನನ್ನ ಹಿಂದಿನ ಬೆಂಚಿನ ಫರೀದಾಗೂ ಒಂದು ಸೀಟು ಇದೆಯಾ?'

ಕೊನೆಯ ಸಾಲು ಅಳಿಸಬೇಕೆಂದು ರಬ್ಬರು ತಗೊಂಡೆ.
ಇಟ್ಟೆ.

ಅಮ್ಮಾನಿನ ಸಂಬಳವನ್ನು ಇನ್ನೊಮ್ಮೆ ಲೆಕ್ಕ ಹಾಕಿದೆ,
ಅಳತೆ ಸರಿಯೆಂದು ಗೊತ್ತಿದ್ದೂ ಟೇಪು ಹಿಡಿದ ಹಾಗೆ.
ಆಮೇಲೆ ಕತ್ತರಿ ಎತ್ತಿಕೊಂಡೆ.
ಅಮ್ಮಾನ್ ಫ್ಯಾನಿನ ಗಾಳಿಗೆ ಮೇಜಿನಿಂದ ಜಾರಿ
ಚೂರುಬಟ್ಟೆಗಳ ಮೇಲೆ ಮೆಲ್ಲಗೆ ಕೂತಿತು.
ಅತ್ತೆ ನೋಡುತ್ತಿದ್ದರು.
ಅವರೂ ಬಗ್ಗಿ ಎತ್ತಲಿಲ್ಲ.

ಆ ಶಾಲೆಯದು ಕಡುಗೆಂಪು ಪಿನಾಫೋರು.
ಕಂದು ಕಾಗದ ಹಾಸಿ
ಸೊಂಟ ಇಪ್ಪತ್ತೆರಡು, ಉದ್ದ ಇಪ್ಪತ್ತೇಳು, ಸೀಮೆಸುಣ್ಣ ಎಳೆದೆ.
'ಮಡಿಕೆಗೆ ಎಷ್ಟು ಬಿಡ್ತಿ?' ಅತ್ತೆ,
ನಲವತ್ತು ವರ್ಷ ಕೈಹೊಲಿಗೆ ಮಾಡಿದವರು.
'ಮೂರಿಂಚು.'
'ಎರಡು ಸಾಕು. ಮೂರಾದ್ರೆ ಜೋತು ಬೀಳ್ತೈತೆ' ಎಂದವರು
ಟೇಪಿನ ಮೇಲೆ ಹೆಬ್ಬೆರಳು ಜಾರಿಸಿಕೊಂಡು ಹೋಗಿ
ಮೂರರ ಮೇಲೆ ಒತ್ತಿ ಹಿಡಿದರು.